ಪುಟ್ಟಿಯ ಬಟ್ಟೆಯ ಹುಳಿ ವಾಸನೆ

ದೊಡ್ಡತ್ತೆ: (ಫಾರ್ವರ್ಡ್) "ಎದೆಹಾಲಿನಲ್ಲಿ ಮಗುವಿಗೆ ಜೀರ್ಣವೇ ಆಗದ ಸಕ್ಕರೆ ಇದೆ! ಕಕ್ಕ ಹುಳಿ ವಾಸನೆ ಬಂದರೆ ಹಾಲು ಒಗ್ಗಿಲ್ಲ ಎಂದರ್ಥ. ತಕ್ಷಣ ನಿಲ್ಲಿಸಿ. ಎಲ್ಲ ತಾಯಂದಿರಿಗೂ ಕಳಿಸಿ."

ದೊಡ್ಡತ್ತೆ: ನಮ್ಮ ಪುಟ್ಟಿಗೂ ಹೀಗೇ ಅಲ್ವಾ? ಅದಕ್ಕೇ ಹಾಕಿದೆ.

ಚಿಕ್ಕಪ್ಪ: ಹೌದು, ನಿನ್ನೆ ಬಟ್ಟೆ ಬದಲಿಸುವಾಗ ನಾನೂ ಗಮನಿಸಿದೆ. ಒಂದು ವಾರ ಡಬ್ಬಿ ಹಾಲು ಕೊಟ್ಟು ನೋಡೋಣ.

ನಾನು: ದಯವಿಟ್ಟು ಬೇಡ. ಆ ಮೆಸೇಜಿನ ಮೊದಲ ಸಾಲು ನಿಜ, ಉಳಿದದ್ದು ಸುಳ್ಳು. ಆ ಸಕ್ಕರೆ, ಅಂದರೆ ಚಿಕ್ಕ ಸಕ್ಕರೆಗಳು ಸರಪಳಿಯಂತೆ ಸೇರಿದ ಆಲಿಗೋಸ್ಯಾಕರೈಡ್, ಪುಟ್ಟಿಯ ಪಾಲಲ್ಲ. ಅವಳ ಕರುಳಿನಲ್ಲಿರುವ ಬೈಫಿಡೋಬ್ಯಾಕ್ಟೀರಿಯಾ ಎಂಬ ಒಳ್ಳೆಯ ಬ್ಯಾಕ್ಟೀರಿಯಾದ ಪಾಲು.

ಚಿಕ್ಕಪ್ಪ: ತಾಯಿ ತಾನು ಸೊರಗಿ ಬ್ಯಾಕ್ಟೀರಿಯಾಕ್ಕೆ ಊಟ ಹಾಕುತ್ತಾಳಾ? ಸುಮ್ನೆ ಹೇಳಬೇಡ.

ನಾನು: ಲೀಟರಿಗೆ 5ರಿಂದ 15 ಗ್ರಾಂ ಹಾಕುತ್ತಾಳೆ ಚಿಕ್ಕಪ್ಪ. ನೀರು, ಲ್ಯಾಕ್ಟೋಸ್ (ಹಾಲಿನ ಮಾಮೂಲಿ ಸಕ್ಕರೆ), ಕೊಬ್ಬು ಬಿಟ್ಟರೆ ಸಾಮಾನ್ಯವಾಗಿ ಜಾಸ್ತಿ ಇರುವುದು ಅದೇ. ಅದರ ಸರಪಳಿ ಕತ್ತರಿಸುವ ಕಿಣ್ವ ನಮ್ಮಲ್ಲಿ ಇಲ್ಲ. ಇನ್ಫ್ಯಾಂಟಿಸ್ ಎಂಬ ಬಗೆಯ ಬೈಫಿಡೋ ಸರಪಳಿಯನ್ನು ಇಡಿಯಾಗಿ ಒಳಗೆ ಎಳೆದುಕೊಂಡು, ಅಲ್ಲೇ ಕತ್ತರಿಸಿ ತಿನ್ನುತ್ತದೆ. ಹೊರಗೆ ಚೂರು ಉದುರುವುದೇ ಕಡಿಮೆ. 1899ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಆನ್ರಿ ಟಿಸಿಯೇ ಬೈಫಿಡೋವನ್ನು ಮೊದಲು ಕಂಡದ್ದೂ ಎದೆಹಾಲು ಕುಡಿಯುವ ಮಕ್ಕಳ ಕಕ್ಕದಲ್ಲೇ.

ದೊಡ್ಡತ್ತೆ: ಅದೆಲ್ಲ ಇರಲಿ. ಹುಳಿ ಯಾಕೆ ಹೇಳು.

ನಾನು: ಅದೇ ಮುಖ್ಯ ಅತ್ತೆ. ನಮ್ಮ ಜೀವಕೋಶ ಆರು ಇಂಗಾಲದ ಸಕ್ಕರೆಯನ್ನು ಮೂರು, ಮೂರಾಗಿ ಸೀಳುತ್ತದೆ. ಬೈಫಿಡೋ ಹತ್ತಿರ ಫಾಸ್ಫೋಕೀಟೋಲೇಸ್ ಅಂತ ಬೇರೆಯದೇ ಕಿಣ್ವ ಇದೆ. ಅದು ನಾಲ್ಕು, ಎರಡಾಗಿ ಸೀಳುತ್ತದೆ. ಆ ಎರಡರ ತುಂಡು ಅಸಿಟಿಕ್ ಆಮ್ಲ ಆಗುತ್ತದೆ, ವಿನೆಗರ್‌ನ ಹುಳಿ. ಎರಡು ಗ್ಲೂಕೋಸಿಗೆ ಮೂರು ಅಸಿಟಿಕ್, ಎರಡು ಲ್ಯಾಕ್ಟಿಕ್. ಲ್ಯಾಕ್ಟಿಕ್ ಅಂದರೆ ನಿಮ್ಮ ಮೊಸರಿನ ಹುಳಿ. ಶಕ್ತಿಯೂ ಜಾಸ್ತಿ: ಆಮ್ಲಜನಕ ಇಲ್ಲದೆ ಮಾಮೂಲಿ ದಾರಿಯಲ್ಲಿ 4 ಎಟಿಪಿ (ಜೀವಕೋಶ ಶಕ್ತಿಗಾಗಿ ಬಳಸುವ ಅಣು), ಇಲ್ಲಿ 5. ಈ ಹುಳಿಯಲ್ಲಿ ಕಾಯಿಲೆ ತರುವ ಎಷ್ಟೋ ಬ್ಯಾಕ್ಟೀರಿಯಾ ಬೆಳೆಯಲಾರವು.

ಚಿಕ್ಕಪ್ಪ: ಡಬ್ಬಿ ಹಾಲಿಗೂ ಈಗ ಆ ಸಕ್ಕರೆ ಹಾಕುತ್ತಾರಂತೆ.

ನಾನು: ಕೆಲವಕ್ಕೆ ಹಾಕುತ್ತಾರೆ, ಬೆರಳೆಣಿಕೆಯಷ್ಟು ಬಗೆ ಅಷ್ಟೇ. ಎದೆಹಾಲಿನಲ್ಲಿ 150ಕ್ಕೂ ಹೆಚ್ಚು ಬಗೆ ಇವೆ. ಹಾಲು ಸಾಲದ ತಾಯಿಗೆ ಡಬ್ಬಿ ಬೇಕಾಗಬಹುದು, ಅದು ತಪ್ಪಲ್ಲ. ಆದರೆ ಚೆನ್ನಾಗಿ ಕುಡಿಯುವ ಮಗುವಿಗೆ ವಾಸನೆ ನೋಡಿ ನಿಲ್ಲಿಸುವುದು ಅನ್ಯಾಯ.

ತಂಗಿ: ಬೆಳಗ್ಗೆ ಆ ಮೆಸೇಜ್ ನೋಡಿದಾಗಿನಿಂದ ಅಳುತ್ತಾ ಹಾಲು ಕುಡಿಸಿದೆ. ಕಕ್ಕ ಸಾಸಿವೆ ಹಳದಿ. ತೂಕ ಏರುತ್ತಿದೆ.

ನಾನು: ಹಾಗಾದರೆ ಕುಡಿಸು ಕಣೇ. ರಕ್ತ ಕಂಡರೆ, ತೂಕ ನಿಂತರೆ ಡಾಕ್ಟರ್ ಹತ್ತಿರ ಹೋಗೋಣ.

ದೊಡ್ಡತ್ತೆ: ಇದನ್ನು ಎಲ್ಲರಿಗೂ ಅಳಿಸುವುದು ಹೇಗೆ? ಬಾಣಂತಿಯರಿರುವ ಇನ್ನೊಂದು ಗುಂಪಿಗೂ ಹಾಕಿಬಿಟ್ಟಿದ್ದೇನೆ.