ಶೂಟಿಂಗ್ ಕರೆ ಬಂದಾಗ ಬಿಟ್ಟು ಹೋಗಲು ಬರುವಂಥ ಕೆಲಸ ಯಾವುದು?

ಗೋಕಾಕದ ನಟ:
ಎಲ್ಲರಿಗೂ ನಮಸ್ಕಾರ. ಊರು ಗೋಕಾಕ, ಸದ್ಯ ಬೆಳಗಾವಿಯ ಶಹಾಪುರದಲ್ಲಿ ಗೆಳೆಯರ ಜೊತೆ ಬಾಡಿಗೆ ಕೋಣೆಯಲ್ಲಿದ್ದೇನೆ. ಧಾರವಾಡದಲ್ಲಿ ರಂಗ ತರಬೇತಿ ಮುಗಿಸಿ ಧಾರಾವಾಹಿಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತೇನೆ: ಪೊಲೀಸ್ ಪೇದೆ, ಕನ್ಯೆ ನೋಡಲು ಬಂದು ಒಲ್ಲೆ ಎನ್ನುವ ವರ, ಒಮ್ಮೆ ಹೆಣ. ಕರೆ ಬರುವುದು ಹಿಂದಿನ ದಿನ ಮಧ್ಯಾಹ್ನ. ಸಂಜೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಿಗ್ಗೆ ಬೆಂಗಳೂರು. ಆಮೇಲೆ ತಿಂಗಳುಗಟ್ಟಲೆ ಫೋನೇ ಇಲ್ಲ. ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಎರಡನೇ ಸಲ ರಜೆ ಕೇಳಿದಾಗ ಮಾಲೀಕರು ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಕಲಿತದ್ದು ತುಕ್ಕು ಹಿಡಿಯದಂತೆ, ಬಾಡಿಗೆಯೂ ಹುಟ್ಟುವಂತೆ ಈ ಭಾಗದಲ್ಲೇ ಏನಾದರೂ ಇದೆಯೇ?

ಗುಳೇದಗುಡ್ಡದ ಅಕ್ಕ:
ತಮ್ಮಾ, ಮೊದಲು ಪಂಚಾಂಗ ನೋಡು, ಆಮೇಲೆ ಕೆಲಸ ಹುಡುಕು. ನಾನು ಕಂಪನಿ ನಾಟಕದವಳು. ಬನದ ಹುಣ್ಣಿಮೆಗೆ, ಅಂದರೆ ಜನವರಿಯ ಹೊತ್ತಿಗೆ, ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಟೆಂಟ್ ಹಾಕುತ್ತವೆ. ಅಲ್ಲಿಂದ ಬಸವ ಜಯಂತಿ ದಾಟುವವರೆಗೆ ಊರೂರಲ್ಲಿ ಜಾತ್ರೆ, ಜಾತ್ರೆಗೊಂದು ನಾಟಕ. ಮಳೆ ಹಿಡಿದರೆ ಎಲ್ಲ ತಣ್ಣಗೆ. ಮಳೆಗಾಲದಲ್ಲಿ ನಾನು ನೇಕಾರರ ಮನೆಯಿಂದ ಖಣ, ಅಂದರೆ ಕುಪ್ಪಸದ ಬಟ್ಟೆ, ತಂದು ಮಾರುತ್ತೇನೆ. ಆ ವ್ಯಾಪಾರವನ್ನು ಯಾವಾಗ ಬೇಕಾದರೂ ಕಟ್ಟಿಡಬಹುದು.

ನಿನಗೆ ನಾನು ಹೇಳುವುದು ಮಾಸ್ತರಿಕೆ. ಹಳ್ಳಿಯ ಹವ್ಯಾಸಿಗಳು ಜಾತ್ರೆಗೆ ನಾಟಕ ಆಡುತ್ತಾರಲ್ಲ, ಅವರಿಗೆ ಕಲಿಸುವವರು ಬೇಕು. ಸ್ತ್ರೀ ಪಾತ್ರಕ್ಕೆ ನಮ್ಮಂಥವರನ್ನು ವೀಳ್ಯ, ಅಂದರೆ ಮುಂಗಡ, ಕೊಟ್ಟು ಕರೆಸುತ್ತಾರೆ. ನಾವು ಕೊನೆಯ ಒಂದೆರಡು ತಾಲೀಮಿಗಷ್ಟೇ ಹೋಗುತ್ತೇವೆ. ಉಳಿದ ತಿಂಗಳೊಪ್ಪತ್ತು ಆ ಗಂಡಸರನ್ನು ತಿದ್ದುವುದು ಮಾಸ್ತರನ ಪಾಡು. ತಾಲೀಮು ನಡೆಯುವುದು ರಾತ್ರಿ, ಹೊಲದಿಂದ ಬಂದು ಊಟ ಮುಗಿಸಿದ ಮೇಲೆ, ಗುಡಿಯ ಕಟ್ಟೆಯಲ್ಲೋ ಶಾಲೆಯ ಪಡಸಾಲೆಯಲ್ಲೋ. ಹಗಲೆಲ್ಲ ನಿನ್ನದೇ. ಬೆಂಗಳೂರಿನಿಂದ ಕರೆ ಬಂತೆನ್ನು, ಆ ರಾತ್ರಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಬರೀ ಹಾಡುಗಳನ್ನು ಕೂರಿಸುತ್ತಾರೆ, ಯಾರಿಗೂ ನಷ್ಟವಿಲ್ಲ. ನೀನು ಪಾರಿಜಾತದ ಕಲಾವಿದೆ ಕೌಜಲಗಿ ನಿಂಗಮ್ಮನವರ ಸೀಮೆಯವನು. ನಮ್ಮ ಕಡೆಯ ಬಯಲಾಟ ಶ್ರೀಕೃಷ್ಣ ಪಾರಿಜಾತದ ಎರಡು ಪದ ಹಾಡಿ ತೋರಿಸಿದರೆ ಹಿರಿಯರು ಅಲ್ಲೇ ಒಪ್ಪುತ್ತಾರೆ.

ಕಷ್ಟವಿಲ್ಲವೆಂದಲ್ಲ. ಎಷ್ಟೋ ಕಡೆ ಹೆಚ್ಚು ವಂತಿಗೆ ಕೊಟ್ಟವನೇ ನಾಯಕ. ಒಂದೂರಲ್ಲಿ ನಾಯಕನಾಗಿದ್ದವನು ಟ್ರ್ಯಾಕ್ಟರ್ ಚಾಲಕ. ಎತ್ತಿನ ಹಿಂಡಿನಾಚೆಗೂ ಕೇಳುವ ಗಂಟಲು, ರಂಗದ ಮೇಲೆ ಮಾತ್ರ ನೆಲ ನೋಡಿಕೊಂಡು ಗೊಣಗುತ್ತಿದ್ದ. ಅಲ್ಲಿಯ ಮಾಸ್ತರರು ಅವನನ್ನು ಬೈಯಲಿಲ್ಲ. ಎದುರು ಮನೆಯ ಮಾಳಿಗೆಯ ಮೇಲೆ ಒಬ್ಬ ಹುಡುಗನನ್ನು ನಿಲ್ಲಿಸಿ, ‘ಅವನಿಗೆ ಕೇಳಿಸು’ ಎಂದರು. ಮಾತಿನ ಕೊನೆಯ ಪದ ನುಂಗಿದಾಗಲೆಲ್ಲ ಹುಡುಗ ಕೈ ಎತ್ತಬೇಕು. ಮೂರನೆಯ ರಾತ್ರಿಗೆ ಹುಡುಗನ ಕೈ ಕೆಳಗಿಳಿಯಿತು. ಇಂಥದ್ದನ್ನು ಕಲಿಸುತ್ತ ಕಲಿಸುತ್ತ ನಿನ್ನ ಮಾತೂ ಹದವಾಗುತ್ತದೆ. ಹೆಣದ ಪಾತ್ರದಲ್ಲಿ ಅದು ಆಗಿರಲಿಕ್ಕಿಲ್ಲ.

ವಿಜಯಪುರದ ರೆಕಾರ್ಡಿಂಗ್ ಅಂಗಡಿಯವ:
ಅಕ್ಕನವರ ಮಾತು ಸರಿ, ಆದರೆ ಅದು ಅರ್ಧ ವರ್ಷದ ಅನ್ನ. ಉಳಿದರ್ಧಕ್ಕೆ ಗಂಟಲನ್ನೇ ದುಡಿಸಿ. ಆಟೋದ ಮೇಲೆ ಮೈಕ್ ಕಟ್ಟಿಕೊಂಡು ಹೋಗುವ ಪ್ರಚಾರವೆಲ್ಲ ನನ್ನಂಥ ಅಂಗಡಿಗಳಲ್ಲೇ ತಯಾರಾಗುವುದು: ಸೀರೆ ರಿಯಾಯಿತಿ, ಸರ್ಕಸ್, ಜಾತ್ರೆ, ಚುನಾವಣೆ. ಅರ್ಧ ಗಂಟೆಯ ಕೆಲಸ, ರೊಕ್ಕ ಅಲ್ಲೇ. ಒಂದೇ ವಾರ್ಡಿನ ಇಬ್ಬರು ಅಭ್ಯರ್ಥಿಗಳಿಗೆ ಮಾತ್ರ ದನಿ ಕೊಡಬೇಡಿ. ಎರಡೂ ಆಟೋಗಳು ಒಂದೇ ಓಣಿಯಲ್ಲಿ ಎದುರಾದರೆ ಜನ ನಗುತ್ತಾರೆ, ಅಭ್ಯರ್ಥಿಗಳು ನಗುವುದಿಲ್ಲ. ಆಕಾಶವಾಣಿಗೂ ಪ್ರಯತ್ನಿಸಿ. ಧಾರವಾಡ, ವಿಜಯಪುರ ಎರಡೂ ಕಡೆ ಕೇಂದ್ರಗಳಿವೆ. ನಾಟಕ ಕಲಾವಿದರಾಗಲು ಧ್ವನಿ ಪರೀಕ್ಷೆ ಇರುತ್ತದೆ. ಹಂಗಾಮಿ ಉದ್ಘೋಷಕರಿಗೆ ತಿಂಗಳಿಗೆ ಕೆಲವೇ ಪಾಳಿ ಸಿಗುವುದರಿಂದ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ.

ಟಿಳಕವಾಡಿ ಸವಾರ:
ನಾನು ಊಟ ತಲುಪಿಸುವ ಕೆಲಸದಲ್ಲಿದ್ದೇನೆ, ಹವ್ಯಾಸಿ ರಂಗಭೂಮಿಯೂ ಇದೆ. ಬೇಕಾದಾಗ ಆ್ಯಪ್ ತೆರೆಯಬಹುದು, ಬೇಡವಾದಾಗ ಮುಚ್ಚಬಹುದು ಎನ್ನುವುದು ನಿಜ. ಆದರೆ ಹೆಚ್ಚಿನ ದುಡಿಮೆ ಶನಿವಾರ, ಭಾನುವಾರದ ಸಂಜೆಗಳಲ್ಲಿ. ನಾಟಕವೂ ಅದೇ ಸಂಜೆಗಳಲ್ಲಿ. ಪೆಟ್ರೋಲು, ಬೆನ್ನುನೋವು ನಮ್ಮ ಖರ್ಚು. ಒಂದು ಒಳ್ಳೆಯ ಸಂಗತಿಯೆಂದರೆ 2025ರಲ್ಲಿ ರಾಜ್ಯ ಸರ್ಕಾರ ನಮ್ಮಂತೆ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದಿದೆ. ಕಾರ್ಮಿಕನಿಗೆ ಸಂದಾಯವಾಗುವ ಮೊತ್ತದ ಮೇಲೆ ಕಂಪನಿಗಳು ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಈ ಕೆಲಸಕ್ಕೆ ಇಳಿದರೆ ನೋಂದಣಿ ಮಾಡಿಸಿಕೊಳ್ಳಿ.

ಗೋಕಾಕದ ನಟ:
ಎಲ್ಲರಿಗೂ ಧನ್ಯವಾದ. ಅಕ್ಕಾ, ಮಾಸ್ತರಿಕೆಗೆ ಹಣದ ಮಾತು ಹೇಗೆ ಆಡಬೇಕು? ಹಳ್ಳಿಯವರ ಮುಂದೆ ನನಗೆ ಸಂಕೋಚ.

ಗುಳೇದಗುಡ್ಡದ ಅಕ್ಕ:
ಸಂಕೋಚವನ್ನು ಕೋಣೆಯಲ್ಲೇ ಇಟ್ಟು ಹೋಗು. ಇಡೀ ನಾಟಕಕ್ಕೆ ಇಷ್ಟು ಎಂದು ಒಟ್ಟಿಗೆ ಮಾತಾಡು, ದಿನದ ಲೆಕ್ಕ ಬೇಡ. ಒಂದು ಪಾಲು ವೀಳ್ಯದ ದಿನ, ಒಂದು ಪಾಲು ಮಾತು ಬಾಯಿಗೆ ಬಂದಾಗ, ಕೊನೆಯದು ಬಣ್ಣ ಹಚ್ಚುವ ಮೊದಲು. ಪರದೆ ಬಿದ್ದ ಮೇಲೆ ಖಜಾಂಚಿ ಎಲ್ಲಿರುತ್ತಾನೋ ಬನಶಂಕರಿಗೇ ಗೊತ್ತು. ಊಟ, ವಸತಿ, ಬಸ್ ಖರ್ಚು ಅವರದು. ನಡುವೆ ಶೂಟಿಂಗ್ ಬಂದರೆ ಹೋಗುತ್ತೇನೆ ಎಂಬುದನ್ನು ಮೊದಲ ದಿನವೇ ಎಲ್ಲರೆದುರು ಹೇಳಿಬಿಡು. ಟಿವಿಯಲ್ಲಿ ಬರುವ ಮಾಸ್ತರ ಎಂದು ಅವರಿಗೂ ಹೆಮ್ಮೆಯೇ.

ಮತ್ತೆ, ಹ್ಯಾಂಡ್‌ಬಿಲ್ಲಿನಲ್ಲಿ ನಿರ್ದೇಶಕ ಎಂದು ನಿನ್ನ ಹೆಸರು, ಮೊಬೈಲ್ ಸಂಖ್ಯೆ ಹಾಕಿಸು. ಮುಂದಿನ ಊರಿನವರು ಅದನ್ನು ನೋಡಿಯೇ ಫೋನ್ ಮಾಡುವುದು. ಅಚ್ಚಿಗೆ ಹೋಗುವ ಮೊದಲು ಅಂಕಿಗಳನ್ನು ನೀನೇ ಓದಿ ನೋಡು. ನನ್ನ ಪರಿಚಯದ ಮಾಸ್ತರರೊಬ್ಬರ ಸಂಖ್ಯೆಯಲ್ಲಿ ಒಂದಂಕಿ ತಪ್ಪಿ, ಆ ವರ್ಷದ ಕರೆಗಳೆಲ್ಲ ಒಬ್ಬ ಗೊಬ್ಬರದ ವ್ಯಾಪಾರಿಗೆ ಹೋದವು.