ಸೌಂಡ್ ಬರುತ್ತಿಲ್ಲ, ಮೂರು ದಿನದಿಂದ ಒದ್ದಾಟ

ಕ್ಯಾತ್ಸಂದ್ರ_ತಟ್ಟೆಇಡ್ಲಿ: ವಿಂಡೋಸ್ 10 ಹೊಸದಾಗಿ ಹಾಕಿದೆ. ಈಗ ಸೌಂಡೇ ಇಲ್ಲ. ಡ್ರೈವರ್ (ಸೌಂಡ್ ಚಿಪ್ ನಡೆಸುವ ಸಾಫ್ಟ್‌ವೇರ್) ಮೂರು ಸಲ ಹಾಕಿದೆ, ಮೂರು ಸಲವೂ ಎರರ್. ಸ್ಪೀಕರ್ ಸರಿ ಇದೆ, ಮೊಬೈಲಿಗೆ ಚುಚ್ಚಿದರೆ ಹಾಡುತ್ತೆ. ಭಾನುವಾರದೊಳಗೆ ಅಕ್ಕನ ಮಗುವಿನ ನಾಮಕರಣದ ವಿಡಿಯೊ ಎಡಿಟ್ ಮಾಡಿ ಕೊಡಬೇಕು. ತಲೆ ಕೆಟ್ಟುಹೋಗಿದೆ.

ಶಿರಾ_ಸೌಂಡ್ಸ್: ಯಾವ ಮದರ್‌ಬೋರ್ಡ್?

ಕ್ಯಾತ್ಸಂದ್ರ_ತಟ್ಟೆಇಡ್ಲಿ: ಮಾಮೂಲಿ ಡೆಸ್ಕ್‌ಟಾಪ್ ಸಾರ್. ತುಮಕೂರಲ್ಲೇ ಅಸೆಂಬಲ್ ಮಾಡಿಸಿದ್ದು.

ತಿಪಟೂರು_ಕೊಬ್ಬರಿ: ಕಣ್ಣು ಮುಚ್ಚಿ ಹೇಳುತ್ತೇನೆ, ಸೌಂಡ್ ಚಿಪ್ ರಿಯಲ್‌ಟೆಕ್ ಕಂಪನಿದು. ಹಳೇ ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ, ಮತ್ತೆ ಹಾಕಿ.

ಕ್ಯಾತ್ಸಂದ್ರ_ತಟ್ಟೆಇಡ್ಲಿ: ನಾನು ಹಾಕಿದ್ದೂ ಅದೇ. ಮತ್ತೆ ಹಾಕಿದೆ, ಅದೇ ಎರರ್.

ತಿಪಟೂರು_ಕೊಬ್ಬರಿ: 64 ಬಿಟ್ ಫೈಲೇ ತಾನೆ? ಅಡ್ಮಿನಿಸ್ಟ್ರೇಟರ್ ಆಗಿ ರನ್ ಮಾಡಿದಿರಾ?

ಪಾವಗಡ_ಬಿಸಿಲು: ಡ್ರೈವರ್ ಪ್ಯಾಕ್ ಹಾಕಿ ಗುರು. ತಾನಾಗೇ ಹುಡುಕಿಕೊಳ್ಳುತ್ತೆ.

ಶಿರಾ_ಸೌಂಡ್ಸ್: ಅದೊಂದು ಬೇಡ. ಬೇಡದ ಬ್ರೌಸರ್, ಗೇಮು ಎಲ್ಲ ಹಿಂದೆಯೇ ಬಂದು ಕೂರುತ್ತವೆ.

ಪಾವಗಡ_ಬಿಸಿಲು: ನನಗೇನೂ ಬಂದಿಲ್ಲ. ಹಾಕುವಾಗ ಟಿಕ್ ತೆಗೆಯೋಕೆ ಬರಬೇಕು ಅಷ್ಟೆ.

ಶಿರಾ_ಸೌಂಡ್ಸ್: ಅಷ್ಟು ಜಾಣರಿಗೆ ಪ್ಯಾಕ್ ಯಾಕೆ ಬೇಕು ಸ್ವಾಮಿ?

ಶಿರಾ_ಸೌಂಡ್ಸ್: ತಟ್ಟೆಇಡ್ಲಿಯವರೇ, ಡಿವೈಸ್ ಮ್ಯಾನೇಜರ್ ತೆಗೆಯಿರಿ. ಹಳದಿ ಗುರುತಿನ ಆಡಿಯೊ ಡಿವೈಸ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ಅಲ್ಲಿ ಹಾರ್ಡ್‌ವೇರ್ ಐಡೀಸ್. 'ಎಚ್‌ಡಿಆಡಿಯೊ' ಅಂತ ಶುರುವಾಗುವ ಸಾಲು ನೋಡಿ. 'ವೆನ್' ಆದಮೇಲೆ ಇರೋದು ಚಿಪ್ ಕಂಪನಿಯ ನಂಬರ್. 10ಇಸಿ ಇದ್ದರೆ ರಿಯಲ್‌ಟೆಕ್. 8086 ಇಂಟೆಲ್, 10ಡಿಇ ಎನ್‌ವಿಡಿಯಾ. ಅವೆರಡು ಎಚ್‌ಡಿಎಂಐ ಸೌಂಡಿಗೆ, ಹಿಂದಿನ ಹಸಿರು ಜ್ಯಾಕಿಗೂ ಅವಕ್ಕೂ ಸಂಬಂಧ ಇಲ್ಲ.

ಕ್ಯಾತ್ಸಂದ್ರ_ತಟ್ಟೆಇಡ್ಲಿ: 1106 ಅಂತಿದೆ.

ಶಿರಾ_ಸೌಂಡ್ಸ್: ವಿಯಾ ಕಂಪನಿ ಚಿಪ್! ರಿಯಲ್‌ಟೆಕ್ ನೂರು ಸಲ ಹಾಕಿದರೂ ಕೂರಲ್ಲ.

ತಿಪಟೂರು_ಕೊಬ್ಬರಿ: ಇರಲಿಕ್ಕಿಲ್ಲ. ಸೈಡ್ ಬಾಗಿಲು ಬಿಚ್ಚಿ ನೋಡಿ. ಚಿಪ್ ಮೇಲೆ ಏಡಿ ಚಿತ್ರ ಇದ್ದರೆ ರಿಯಲ್‌ಟೆಕ್.

ಕ್ಯಾತ್ಸಂದ್ರ_ತಟ್ಟೆಇಡ್ಲಿ: ಬಿಚ್ಚಿದೆ. ಒಳಗೆ ಧೂಳು ಕಂಬಳಿ ಹೊದ್ದಂತಿತ್ತು. ಹಳೇ ಟೂತ್‌ಬ್ರಶ್ಶಲ್ಲಿ ಒರೆಸಿ ಮೊಬೈಲ್ ಟಾರ್ಚ್ ಬಿಟ್ಟೆ. ಆಡಿಯೊ ಜ್ಯಾಕ್ ಹಿಂದೆ ಕಿರುಬೆರಳ ಉಗುರಿನಷ್ಟು ಚಿಪ್. ಏಡಿ ಇಲ್ಲ. ವಿಟಿ1705 ಅಂತ ಬರೆದಿದೆ. ಮದರ್‌ಬೋರ್ಡ್ ಎಚ್61 ಚಿಪ್‌ಸೆಟ್‌ದು.

ತಿಪಟೂರು_ಕೊಬ್ಬರಿ: ಸರಿ, ಸೋತೆ. ನನ್ನ ಎಚ್61ರಲ್ಲಿ ರಿಯಲ್‌ಟೆಕ್‌ನ ಎಎಲ್‌ಸಿ887 ಚಿಪ್ ಇದೆ, ಅದಕ್ಕೇ ಹೇಳಿದೆ.

ಶಿರಾ_ಸೌಂಡ್ಸ್: ಒಂದು ಅನುಮಾನ. ವಿಂಡೋಸ್ 10ರಲ್ಲಿ ಸಾದಾ ಸೌಂಡ್ ತಾನಾಗೇ ಬರಬೇಕಲ್ವಾ?

ಕ್ಯಾತ್ಸಂದ್ರ_ತಟ್ಟೆಇಡ್ಲಿ: ಬರುತ್ತಿತ್ತು ಸಾರ್. ಸ್ವಲ್ಪ ಸಣ್ಣಗಿತ್ತು. ಜಾಸ್ತಿ ಬರಲಿ ಅಂತ ಡ್ರೈವರ್ ಹಾಕಲು ಹೋದೆ, ಆಗಲಿಲ್ಲ. ಕೊನೆಗೆ ಹ್ಯಾವ್ ಡಿಸ್ಕ್ ಒತ್ತಿ ರಿಯಲ್‌ಟೆಕ್ ಫೈಲನ್ನೇ ಬಲವಂತವಾಗಿ ತೋರಿಸಿ, ವಾರ್ನಿಂಗ್ ಬಂದರೂ ಯೆಸ್ ಕೊಟ್ಟೆ.

ಶಿರಾ_ಸೌಂಡ್ಸ್: ಇದನ್ನ ಮೊದಲೇ ಹೇಳೋದಲ್ವಾ ಮಾರಾಯ್ರೇ! ತಪ್ಪು ಡ್ರೈವರ್ ಕೂತಿದೆ. ಡಿವೈಸ್ ಮ್ಯಾನೇಜರಲ್ಲಿ ಅದೇ ಆಡಿಯೊ ಡಿವೈಸ್ ಮೇಲೆ ರೈಟ್ ಕ್ಲಿಕ್, ಅಪ್‌ಡೇಟ್ ಡ್ರೈವರ್, ಬ್ರೌಸ್, 'ಲೆಟ್ ಮಿ ಪಿಕ್'. ಪಟ್ಟಿಯಲ್ಲಿ 'ಹೈ ಡೆಫಿನಿಷನ್ ಆಡಿಯೊ ಡಿವೈಸ್' ಆರಿಸಿ, ಅದು ವಿಂಡೋಸ್‌ನದೇ ಸಾದಾ ಡ್ರೈವರ್.

ಕ್ಯಾತ್ಸಂದ್ರ_ತಟ್ಟೆಇಡ್ಲಿ: ಬಂತು ಸಾರ್, ಬಂತು! ಆದರೆ ಮುಂದಿನ ಜ್ಯಾಕಲ್ಲಿ ಹೆಡ್‌ಫೋನ್ ಹಾಕಿದರೆ ಏನೂ ಇಲ್ಲ.

ತಿಪಟೂರು_ಕೊಬ್ಬರಿ: ಮುಂದಿನ ಜ್ಯಾಕಿಂದ ಬೋರ್ಡಿಗೆ ಬರುವ ಕ್ಯಾಬಿನೆಟ್ ವೈರಲ್ಲಿ ಹಳೇ ಮಾದರಿಯ ಎಸಿ97 ಪ್ಲಗ್ ಚುಚ್ಚಿದೆಯಾ, ಹೊಸ ಮಾದರಿಯ ಎಚ್‌ಡಿ ಆಡಿಯೊ ಪ್ಲಗ್ಗಾ?

ಪಾವಗಡ_ಬಿಸಿಲು: ಹೆಡ್‌ಫೋನ್ ಯಾಕೆ ಗುರು. ನಾನು ಹಳೇ ಆಂಪ್ಲಿಫೈಯರಿಗೆ ಎರಡು ಹನ್ನೆರಡು ಇಂಚಿನ ಸ್ಪೀಕರ್ ಹಾಕಿದ್ದೇನೆ. ಕಿಟಕಿ ಗಾಜು ಅದುರುತ್ತೆ.

ಕ್ಯಾತ್ಸಂದ್ರ_ತಟ್ಟೆಇಡ್ಲಿ: ಹೌದಾ? ಜೋಡಿ ಎಷ್ಟಕ್ಕೆ ಬಿತ್ತು?