ಗೋವಾ ಕ್ಯಾಸಿನೊದ ಹೋಸ್ಟ್ ಬಳಿ ಉಚಿತ ಕೋಣೆ, ಊಟ ಕೇಳುವುದು ಹೇಗೆ?

ತೊಗರಿ ವ್ಯಾಪಾರಿ, ಕಲಬುರಗಿ

ಎಲ್ಲರಿಗೂ ಶರಣು. ತೊಗರಿಯ ಹಂಗಾಮು ಮುಗಿದು ಶರಣಬಸವೇಶ್ವರ ಜಾತ್ರೆಯೂ ಆದ ಮೇಲೆ ನಾವು ನಾಲ್ವರು ಗೆಳೆಯರು ಪ್ರತಿ ವರ್ಷ ಪಣಜಿಗೆ ಹೋಗಿ, ಮಾಂಡವಿ ನದಿಯಲ್ಲಿ ನಿಂತಿರುವ ಹಡಗಿನ ಕ್ಯಾಸಿನೊ ಒಂದರಲ್ಲಿ ಎರಡು ರಾತ್ರಿ ಆಡಿ ಬರುವುದು ರೂಢಿ. ಕಳೆದ ಬಾರಿ ನಾನು ಸಂಖ್ಯೆಗಳಿರುವ ಚಕ್ರ ತಿರುಗಿಸಿ ಆಡುವ ರೂಲೆಟ್‌ನಲ್ಲಿ ಅರವತ್ತು ಸಾವಿರ ರೂಪಾಯಿ ಕಳೆದುಕೊಂಡೆ. ಈಗ ಅಲ್ಲಿನ ಹೋಸ್ಟ್ (ಆಟಗಾರರ ಸೌಲಭ್ಯ ನೋಡಿಕೊಳ್ಳುವ ಕ್ಯಾಸಿನೊ ಸಿಬ್ಬಂದಿ) ಒಬ್ಬರು ಕರೆ ಮಾಡಿ, "ಮುಂದಿನ ಸಲ ಬರುವ ಮೊದಲು ನನಗೆ ತಿಳಿಸಿ, ಕೋಣೆಯ ವ್ಯವಸ್ಥೆ ನೋಡೋಣ" ಎಂದಿದ್ದಾರೆ. ಇಷ್ಟು ಕಳೆದುಕೊಂಡವನಿಗೆ ಎಷ್ಟು ಸೌಲಭ್ಯ ನ್ಯಾಯವಾಗಿ ಸಲ್ಲುತ್ತದೆ, ಅದನ್ನು ಮರ್ಯಾದೆಯಿಂದ ಕೇಳುವ ರೀತಿ ಯಾವುದು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಹಳೆಯ ಡೀಲರ್, ಬೀದರ್

ಸಾಹುಕಾರರೇ, ಶರಣು. ನಾನು ಕೆಲವು ವರ್ಷ ಟೇಬಲ್‌ನ ಆ ಬದಿಯಲ್ಲಿ ನಿಂತು ಡೀಲರ್ ಆಗಿ, ಅಂದರೆ ಆಟ ನಡೆಸುವವನಾಗಿ, ಕೆಲಸ ಮಾಡಿದವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೀವು ಆ ರಾತ್ರಿ ನಿಜವಾಗಿ ಎಷ್ಟು ಕಳೆದುಕೊಂಡಿರಿ ಎಂಬುದನ್ನು ಹೋಸ್ಟ್ ಮುಖ್ಯವಾಗಿ ನೋಡುವುದಿಲ್ಲ. ನಿಮ್ಮ ಆಟದಿಂದ ಲೆಕ್ಕದ ಪ್ರಕಾರ ಎಷ್ಟು ಬರಬೇಕಿತ್ತು ಎಂಬುದನ್ನು ನೋಡುತ್ತಾರೆ. ಸರಾಸರಿ ಬಾಜಿ, ಗಂಟೆಗೆ ಎಷ್ಟು ಆಟ, ಎಷ್ಟು ಗಂಟೆ, ಆ ಆಟದಲ್ಲಿ ಕ್ಯಾಸಿನೊಗೆ ಉಳಿಯುವ ಪಾಲೆಷ್ಟು, ಈ ನಾಲ್ಕನ್ನು ಗುಣಿಸಿದರೆ ಆ ಮೊತ್ತ ಸಿಗುತ್ತದೆ. ನೀವು ಸಾವಿರ ರೂಪಾಯಿಯಂತೆ ಗಂಟೆಗೆ 40 ಸುತ್ತು, 5 ಗಂಟೆ ಆಡಿದಿರಿ ಎನ್ನೋಣ. ಒಟ್ಟು ಬಾಜಿ ಎರಡು ಲಕ್ಷ ರೂಪಾಯಿಯಾಗುತ್ತದೆ. ಒಂದೇ ಸೊನ್ನೆಯ (0) ರೂಲೆಟ್ ಚಕ್ರದಲ್ಲಿ ಕ್ಯಾಸಿನೊದ ಪಾಲು ಶೇ. 2.7, ಅಂದರೆ 5,400 ರೂಪಾಯಿ. ಎರಡು ಸೊನ್ನೆಯ (0 ಮತ್ತು 00) ಚಕ್ರದಲ್ಲಿ ಶೇ. 5.26, ಅಂದರೆ 10,520 ರೂಪಾಯಿ. ಈ ಮೊತ್ತದ ಒಂದು ಅಂಶವನ್ನು ಮಾತ್ರ ಅವರು ಕೋಣೆ, ಊಟದ ರೂಪದಲ್ಲಿ ಹಿಂದಿರುಗಿಸುತ್ತಾರೆ. ಐದರಲ್ಲಿ ಒಂದು ಪಾಲು ಕೊಟ್ಟರೂ ಮೊದಲನೆಯದಕ್ಕೆ ಸುಮಾರು 1,080 ರೂಪಾಯಿಯಷ್ಟೇ. ನಿಮ್ಮ ಅರವತ್ತು ಸಾವಿರದ ದೊಡ್ಡ ಭಾಗ ಆ ದಿನದ ದುರದೃಷ್ಟವಾಗಿದ್ದಿರಬಹುದು. ಅದನ್ನು ಮುಂದಿಟ್ಟುಕೊಂಡು ಕೇಳಿದರೆ ಒಬ್ಬ ಹೋಸ್ಟ್ ಕನಿಕರದಿಂದ ಒಂದು ಊಟ ಕೊಡಿಸಬಹುದೇ ಹೊರತು ಅದು ಹಕ್ಕಾಗುವುದಿಲ್ಲ.

ಆದ್ದರಿಂದ ಕುಳಿತ ಪ್ರತಿ ಟೇಬಲ್‌ನಲ್ಲೂ ಮೊದಲೇ ಪ್ಲೇಯರ್ ಕಾರ್ಡ್ (ನಿಮ್ಮ ಆಟವನ್ನು ನಿಮ್ಮ ಹೆಸರಿನಲ್ಲಿ ದಾಖಲಿಸಲು ಕ್ಯಾಸಿನೊ ಕೊಡುವ ಕಾರ್ಡ್) ಕೊಡಿ, ಏಳುವಾಗ ಮೇಲ್ವಿಚಾರಕರಿಗೆ ಹೇಳಿ ಏಳಿ. ಕಾರ್ಡ್ ಕೊಡದೆ ಆಡಿದ ಆಟ ದಾಖಲೆಯಲ್ಲಿ ಸೇರುವುದು ಕಷ್ಟ. ಎರಡು ರಾತ್ರಿಗಳ ಆಟವನ್ನು ಎರಡು ಮೂರು ಹಡಗುಗಳಿಗೆ ಹಂಚಿದರೆ ಎಲ್ಲಿಯೂ ನೀವು ಎಣಿಕೆಗೆ ಬರುವುದಿಲ್ಲ. ಕೋಣೆಯನ್ನು ಊರಿನಿಂದ ಹೊರಡುವ ಮೊದಲೇ ಕೇಳಿ, ಊಟದ ಬಿಲ್ಲನ್ನು ಕಟ್ಟುವ ಮೊದಲು, "ನನ್ನ ಆಟವನ್ನು ನೋಡಿ ಇದಕ್ಕೆ ಏನಾದರೂ ಮಾಡಲು ಸಾಧ್ಯವೇ?" ಎಂದು ನೇರವಾಗಿ ಕೇಳಿದರೆ ಯಾರೂ ಅವಮಾನವೆಂದು ಭಾವಿಸುವುದಿಲ್ಲ. ಪ್ರವೇಶ ಶುಲ್ಕದಲ್ಲೇ ಊಟ, ಪಾನೀಯ ಸೇರಿರುವ ಕಡೆ ಅವುಗಳನ್ನು ಮತ್ತೆ ಉಚಿತವೆಂದು ಕೊಟ್ಟರೆ ನಿಮಗೆ ಸಿಕ್ಕಿದ್ದೇನೂ ಇಲ್ಲ, ಅದನ್ನು ಗಮನಿಸಿ.

ಒಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ. ಎರಡು ಸಾವಿರದ ಕೋಣೆಗಾಗಿ ಬಾಜಿಯನ್ನು ಇಮ್ಮಡಿಗೊಳಿಸಿದವರನ್ನು ನಾನು ಬಹಳ ಸಲ ಕಂಡಿದ್ದೇನೆ. ಹೋಸ್ಟ್ ಎಷ್ಟೇ ಸಜ್ಜನರಾಗಿದ್ದರೂ ಅವರಿಗೆ ಸಂಬಳ ಕೊಡುವುದು ಕ್ಯಾಸಿನೊ.

ಲೆಕ್ಕಪತ್ರದವನು, ಯಾದಗಿರಿ

ಮೇಲಿನ ಲೆಕ್ಕಕ್ಕೆ ತೆರಿಗೆಯನ್ನೂ ಸೇರಿಸಬೇಕು. ಚಿಪ್ಸ್ (ಬಾಜಿಗೆ ಹಣದ ಬದಲು ಬಳಸುವ ಬಿಲ್ಲೆ) ಕೊಳ್ಳಲು ಕಟ್ಟುವ ಹಣದ ಮೇಲೆ 2023ರ ಅಕ್ಟೋಬರ್ 1ರಿಂದ ಶೇ. 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 40 ಆಗಿದೆ. ಆಡದೆ ಉಳಿದ ಚಿಪ್ಸ್ ಹಿಂದಿರುಗಿಸಿದರೂ ತೆರಿಗೆಯ ಲೆಕ್ಕದಲ್ಲಿ ಆ ಮೊತ್ತವನ್ನು ಕಳೆಯಲು ನಿಯಮದಲ್ಲಿ ಅವಕಾಶವಿಲ್ಲ. ಗೆದ್ದ ಹಣಕ್ಕೆ ಆದಾಯ ತೆರಿಗೆ ಶೇ. 30, ಜೊತೆಗೆ ಸೆಸ್. ಸೋತದ್ದನ್ನು ಅದರಲ್ಲಿ ವಜಾ ಮಾಡುವಂತಿಲ್ಲ, ನಿಮ್ಮ ತೊಗರಿ ವ್ಯಾಪಾರದ ಲಾಭದಲ್ಲಂತೂ ಸಾಧ್ಯವೇ ಇಲ್ಲ. ಉಚಿತ ಕೋಣೆಯ ಬೆಲೆಯನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿ.

ಅಲ್ಲದೆ, ಹೋಸ್ಟ್ ಎಂದು ಹೇಳಿಕೊಂಡು ಯಾರಾದರೂ ಮನೆಯಲ್ಲೇ ಕುಳಿತು ಹಣ ಕಟ್ಟಿ ಆಡುವ ಆ್ಯಪ್‌ನ ಲಿಂಕ್ ಕಳುಹಿಸಿದರೆ ಅದನ್ನು ತೆರೆಯಬೇಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ.

ತೊಗರಿ ವ್ಯಾಪಾರಿ, ಕಲಬುರಗಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸೋತ ಮೊತ್ತವೇ ಅಳತೆಗೋಲೆಂದು ನಾನು ತಿಳಿದಿದ್ದೆ. ಇನ್ನೊಂದು ಪ್ರಶ್ನೆ: ನಾವು ನಾಲ್ವರೂ ನನ್ನೊಬ್ಬನ ಕಾರ್ಡಿನ ಮೇಲೆಯೇ ಆಡಿದರೆ ಎಣಿಕೆ ಹೆಚ್ಚಾಗುವುದಿಲ್ಲವೇ? ಹೋಸ್ಟ್ ಸಾಲದ ಮೇಲೆ ಚಿಪ್ಸ್ ಕೊಡಿಸುವ ಮಾತನ್ನೂ ಆಡಿದ್ದರು.

ಹಳೆಯ ಡೀಲರ್, ಬೀದರ್

ಕಾರ್ಡ್ ಹಂಚಿಕೊಳ್ಳಬೇಡಿ, ಸಾಹುಕಾರರೇ. ಆಟದ ದಾಖಲೆ ಆಯಾ ವ್ಯಕ್ತಿಯ ಹೆಸರಿನಲ್ಲೇ ಇರಬೇಕು. ಕ್ಯಾಮೆರಾದಲ್ಲಿ ಅದು ಗೊತ್ತಾದರೆ ನಿಮ್ಮ ನಾಲ್ವರ ಮಾತಿಗೂ ಬೆಲೆ ಉಳಿಯುವುದಿಲ್ಲ. ನಾಲ್ವರೂ ಬೇರೆ ಬೇರೆ ಕಾರ್ಡ್ ಮಾಡಿಸಿ, ಒಟ್ಟಿಗೆ ಬರುವ ಗುಂಪೆಂದು ಹೋಸ್ಟ್‌ಗೆ ಮೊದಲೇ ತಿಳಿಸಿದರೆ ಎರಡು ಕೋಣೆಗಳ ಮಾತನ್ನು ಅವರೇ ಎತ್ತಬಹುದು. ಸಾಲದ ಚಿಪ್ಸ್ ಮಾತ್ರ ಬೇಡವೆಂದು ಫೋನಿನಲ್ಲೇ ಸ್ಪಷ್ಟವಾಗಿ ಹೇಳಿಬಿಡಿ. ಹಡಗು ಹತ್ತುವ ಮುನ್ನ ಕೈಯಲ್ಲಿ ಎಷ್ಟು ಇಟ್ಟುಕೊಂಡಿದ್ದೀರೋ ಅಷ್ಟರಲ್ಲೇ ಆಡಿ, ಉಳಿದ ಹಣವನ್ನೂ ಬ್ಯಾಂಕಿನ ಕಾರ್ಡನ್ನೂ ಕೋಣೆಯಲ್ಲೇ ಬಿಟ್ಟು ಬನ್ನಿ.